ಹಳೆ ಕಾರ್ಟೂನ್ ರೀಲು ಸಿಕ್ಕಿದೆಯಾ? ಪ್ರೊಜೆಕ್ಟರ್‌ಗೆ ಏರಿಸುವ ಮೊದಲು ಇಷ್ಟು ನೋಡಿ

ಹಳೆ ಕಾರ್ಟೂನ್ ರೀಲು ಕೊಂಡವರ ಗೋಳು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ನೋಡಲು ಚೆನ್ನಾಗೇ ಇತ್ತು. ಓಡಿಸಿದೆ. ಅರ್ಧಕ್ಕೆ ಹರಿಯಿತು. ಈಗೇನು ಮಾಡಲಿ?" ಹರಿದ ಮೇಲೆ ಮಾಡಲು ಜಾಸ್ತಿ ಏನೂ ಉಳಿದಿರುವುದಿಲ್ಲ. ತಪ್ಪು ನಡೆದಿರುವುದು ಅದಕ್ಕೂ ಮುಂಚೆ. ಎಲ್ಲರೂ ಮೊದಲು ಓಡಿಸಿ, ಆಮೇಲೆ ಪರೀಕ್ಷೆ ಮಾಡುತ್ತಾರೆ. ಇದು ತಿರುಗಾಮುರುಗಾ ಆಗಬೇಕು.

ನಾನೂ ಹೀಗೇ ಕಲಿತವನು. ನನ್ನ ಮೊದಲ ರೀಲನ್ನು ಡಬ್ಬಿಯಿಂದ ತೆಗೆದು ನೇರ ಪ್ರೊಜೆಕ್ಟರ್‌ಗೆ ಹಾಕಿದ್ದೆ. ಗುಂಡುಕಲ್ಲು ಇನ್ನೇನು ಬೆಕ್ಕಿನ ತಲೆ ಮೇಲೆ ಬೀಳಬೇಕು, ಫಿಲ್ಮ್ ಕಟಕಟ ಎಂದಿತು. 31 ಫ್ರೇಮ್ ಚಿಂದಿಯಾಯಿತು. ಈಗ ಆ ಪ್ರಿಂಟಿನಲ್ಲಿ ಕಲ್ಲು ಮೇಲಿರುತ್ತದೆ, ಮರುಕ್ಷಣ ಬೆಕ್ಕು ಚಪಾತಿಯಾಗಿರುತ್ತದೆ. ನಡುವಿನ ನಗು ಹೋಯಿತು.

ಬಿದ್ದು, ಹೊಡೆತ ತಿಂದು ನಗಿಸುವ ಸ್ಲ್ಯಾಪ್‌ಸ್ಟಿಕ್ ಕಾರ್ಟೂನಿನ ವಿಷಯದಲ್ಲಿ ಇಷ್ಟು ಹುಷಾರು ಬೇಕಾಗುವುದು ಇದಕ್ಕೇ. ಮಾಮೂಲಿ ಸಿನಿಮಾದಲ್ಲಿ ಹತ್ತು ಫ್ರೇಮ್ ಹೋದರೆ ಚಿತ್ರ ಸ್ವಲ್ಪ ಎಗರಿದಂತೆ ಕಾಣುತ್ತದೆ, ಅಷ್ಟೆ. ಇಲ್ಲಿ ಸೆಕೆಂಡಿಗೆ ಓಡುವ 24 ಫ್ರೇಮಿನಲ್ಲಿ ಒಂದು ಹೊಡೆತ ನಾಲ್ಕೈದು ಫ್ರೇಮಿಗೆ ಮುಗಿದುಹೋಗುತ್ತದೆ. ಸಂಗ್ರಾಹಕರು ಹುಡುಕುವುದು ಆ ನಾಲ್ಕೈದು ಫ್ರೇಮನ್ನೇ. ಮೊದಲ ಬಿಡುಗಡೆಯ ಟೈಟಲ್, ಟಿವಿಯವರು ಕತ್ತರಿಸದ ಗ್ಯಾಗ್ (ನಗೆಯ ತುಣುಕು), ಕೈಯಿಂದ ಎಳೆದ ಇಂಕಿನ ಗೆರೆ, ಇವು ಎಷ್ಟೋ ಸಲ ಹಳೆ ಪ್ರಿಂಟಿನಲ್ಲಿ ಮಾತ್ರ ಉಳಿದಿರುತ್ತವೆ. ಹಾಗಾಗಿ ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ. ಒಂದು ಹಂತದಲ್ಲಿ ರೀಲು ಫೇಲಾದರೆ ಅಲ್ಲೇ ನಿಲ್ಲಿಸಿ.

## ಮೊದಲು ಸಾಮಾನು ಜೋಡಿಸಿಕೊಳ್ಳಿ

ಕೈಯಿಂದ ತಿರುಗಿಸುವ ಒಂದು ಜೊತೆ ರಿವೈಂಡರ್ ಬೇಕೇ ಬೇಕು. ಪ್ರೊಜೆಕ್ಟರ್‌ನಲ್ಲೇ ರಿವೈಂಡ್ ಮಾಡಿ ನೋಡುತ್ತೇನೆ ಅನ್ನುವವರು ಈ ಲೇಖನ ಇಲ್ಲಿಗೇ ಮುಚ್ಚಬಹುದು. ಮೋಟಾರಿಗೆ ಹರಿದ ಜಾಗ ಗೊತ್ತಾಗುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ.

ಜೊತೆಗೆ ಲೈಟ್ ಬಾಕ್ಸ್, 8ರಿಂದ 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ನೂಲು ಬಿಡದ ಕೈಗವಸು, ಮಿಲಿಮೀಟರ್ ಗುರುತಿರುವ ಉಕ್ಕಿನ ಅಳತೆಪಟ್ಟಿ. ಫಿಲ್ಮಿಗೆಂದೇ ಬರುವ ಟೇಪ್ ಮತ್ತು ಅದನ್ನು ಹಾಕುವ ಸ್ಪ್ಲೈಸರ್. ಸ್ವಲ್ಪ ಹೊಸ ಲೀಡರ್, ಅಂದರೆ ರೀಲಿನ ತುದಿಗಳಿಗೆ ಸೇರಿಸುವ ಚಿತ್ರವಿಲ್ಲದ ಫಿಲ್ಮ್. ಎ-ಡಿ ಸ್ಟ್ರಿಪ್ ಎಂಬ ಪರೀಕ್ಷಾ ಕಾಗದ. ಒಂದು ನೋಟ್‌ಬುಕ್, ಪೆನ್ಸಿಲ್. ಪೆನ್ ಬೇಡ, ಇಂಕಿನ ಒಂದು ಚುಕ್ಕೆ ಬಿದ್ದರೂ ಹೋಗುವುದಿಲ್ಲ.

ಮನೆಯ ಸೆಲ್ಲೋಟೇಪ್ ಮಾತ್ರ ಈ ಮೇಜಿನ ಹತ್ತಿರವೂ ಬರಬಾರದು. ಅದರ ಅಂಟು ವರ್ಷ ಕಳೆದಂತೆ ಹರಡಿ ಅಕ್ಕಪಕ್ಕದ ಸುತ್ತುಗಳನ್ನೂ ಹಿಡಿದುಕೊಳ್ಳುತ್ತದೆ.

## ಹಂತ 1: ಅಗಲ ಅಳೆಯಿರಿ, ನೈಟ್ರೇಟ್ ಅಲ್ಲ ಎಂದು ಖಚಿತ ಮಾಡಿಕೊಳ್ಳಿ

ಮೊದಲ ಪ್ರಶ್ನೆ ಕಾರ್ಟೂನ್ ಯಾವುದು ಎಂಬುದಲ್ಲ. ಫಿಲ್ಮ್ ಎಷ್ಟು ಅಗಲ ಎಂಬುದು.

35 ಎಂಎಂ ಆಗಿದ್ದು, 1950ರ ದಶಕದ ಆರಂಭಕ್ಕಿಂತ ಹಳೆಯದಾಗಿದ್ದರೆ ಅದು ನೈಟ್ರೇಟ್ ಎಂಬ ಹಳೆ ಬಗೆಯ, ಬೇಗ ಹೊತ್ತಿಕೊಳ್ಳುವ ಫಿಲ್ಮ್ ಇರಬಹುದು. ನೈಟ್ರೇಟ್ ಫಿಲ್ಮ್ ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಅಂಚಿನಲ್ಲಿ 'ನೈಟ್ರೇಟ್' ಎಂದು ಅಚ್ಚಾಗಿದೆಯೇ, 'ಸೇಫ್ಟಿ' ಎಂದಿದೆಯೇ ನೋಡಿ. ಆದರೆ ಬರೀ ಅದನ್ನೇ ನಂಬಬೇಡಿ. ಕಾಪಿ ಮಾಡುವಾಗ ಮೂಲದ ಅಂಚಿನ ಬರಹವೂ ಹೊಸ ಫಿಲ್ಮಿಗೆ ಇಳಿದಿರುತ್ತದೆ.

ಅಪಾಯದ ಲಕ್ಷಣಗಳು: ಜೇನಿನಂತೆ ಜಿಗುಟು, ಅಂಬರ್ ಬಣ್ಣಕ್ಕೆ ತಿರುಗಿದ ಚಿತ್ರ, ಮೇಲೆ ನೊರೆಯಂಥ ಗುಳ್ಳೆ, ಡಬ್ಬಿಯ ತಳದಲ್ಲಿ ಕಂದು ಪುಡಿ. ಇವುಗಳಲ್ಲಿ ಒಂದು ಕಂಡರೂ ಮುಚ್ಚಳ ಹಾಕಿ, ತಂಪಾದ ಜಾಗದಲ್ಲಿ, ಬೆಂಕಿಯಿಂದ ಮತ್ತು ಜನ ಮಲಗುವ ಕೋಣೆಯಿಂದ ದೂರ ಇಡಿ. ಫಿಲ್ಮ್ ಆರ್ಕೈವ್ ಅಥವಾ ಅಗ್ನಿಶಾಮಕ ದಳದವರಿಗೆ ತಿಳಿಸಿ. ಮಾಮೂಲಿ ಪಾರ್ಸೆಲ್‌ನಲ್ಲಿ ಕಳಿಸಬೇಡಿ. ಒಂದು ತುಂಡು ಸುಟ್ಟು ನೋಡುತ್ತೇನೆ ಅನ್ನುವ ಧೈರ್ಯ ಖಂಡಿತ ಬೇಡ.

ಸಂಗ್ರಾಹಕರ ಕೈಗೆ ಜಾಸ್ತಿ ಬರುವುದು 16 ಎಂಎಂ. ಕೊಡ್ಯಾಕ್ 1923ರಲ್ಲಿ ಇದನ್ನು ತಂದದ್ದೇ ಮನೆಯಲ್ಲಿ ಸಿನಿಮಾ ತೋರಿಸುವವರಿಗಾಗಿ, ಸುಲಭಕ್ಕೆ ಹೊತ್ತಿ ಉರಿಯದ ಅಸಿಟೇಟ್ ಎಂಬ ಪ್ಲಾಸ್ಟಿಕ್ ಮೇಲೆ. ಮುಂದಿನ ಹಂತಗಳಲ್ಲಿ ನಾನು 16 ಎಂಎಂ ಎಂದೇ ಹಿಡಿದು ಹೇಳುತ್ತೇನೆ. 8 ಎಂಎಂಗೂ ವಿಧಾನ ಇದೇ, ಲೆಕ್ಕ ಮಾತ್ರ ಬೇರೆ.

## ಹಂತ 2: ಮೂಗಿಗೆ ಕೆಲಸ ಕೊಡಿ

ಡಬ್ಬಿ ತೆರೆದ ಕ್ಷಣದ ವಾಸನೆ ಮುಖ್ಯ. ವಿನೆಗರ್‌ನ ಹುಳಿ ಘಾಟು ಬಂದರೆ ಅಸಿಟೇಟ್ ಕೊಳೆಯಲು ಶುರುವಾಗಿದೆ ಎಂದರ್ಥ. ಬಿಸಿ ಮತ್ತು ತೇವಕ್ಕೆ ಅಸಿಟೇಟ್ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲ ಫಿಲ್ಮನ್ನು ಇನ್ನಷ್ಟು ಒಡೆಯುತ್ತದೆ. ಒಮ್ಮೆ ಶುರುವಾದರೆ ವೇಗ ಹೆಚ್ಚುತ್ತಾ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ.

ಮೂಗು ಎಷ್ಟಾದರೂ ಅಂದಾಜು. ಸರಿಯಾಗಿ ತಿಳಿಯಲು ಎ-ಡಿ ಸ್ಟ್ರಿಪ್ ಹಾಕಿ. ಅಮೆರಿಕದ ರೋಚೆಸ್ಟರ್‌ನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ಇದನ್ನು ತಯಾರಿಸಿದ್ದು. ಒಂದು ಕಾಗದವನ್ನು ರೀಲಿನ ಜೊತೆ ಡಬ್ಬಿಯಲ್ಲಿಟ್ಟು ಮುಚ್ಚಿ. ಕೋಣೆಯ ಮಾಮೂಲಿ ಉಷ್ಣತೆಯಲ್ಲಿ ಕಡಿಮೆಯೆಂದರೂ ಒಂದು ದಿನ ಬಿಡಿ. ನೀಲಿಯಾಗಿಯೇ ಉಳಿದರೆ 0, ಫಿಲ್ಮ್ ಚೆನ್ನಾಗಿದೆ. ಹಸಿರಾಗುತ್ತಾ ಹೋದಂತೆ ಆಮ್ಲ ಜಾಸ್ತಿ. ಪೂರ್ತಿ ಹಳದಿ ಅಂದರೆ 3, ಕೊನೆಯ ಮಟ್ಟ. ನಡುವೆ 1.5 ದಾಟಿದ್ದರೆ ಈ ರೀಲನ್ನು ಓಡಿಸುವ ಯೋಚನೆ ಬಿಡಿ. ಸ್ಕ್ಯಾನ್ ಮಾಡಿಸುವ ಸಾಲಿನಲ್ಲಿ ಅದೇ ಮೊದಲು ನಿಲ್ಲಬೇಕು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ವಾಸನೆ ಬರುವ ರೀಲನ್ನು ಒಳ್ಳೆ ರೀಲುಗಳ ಪಕ್ಕದಲ್ಲೇ ಇಡುತ್ತಾರೆ. ಅದರ ಆವಿ ಪಕ್ಕದವಕ್ಕೂ ಹತ್ತುತ್ತದೆ. ಹೊಸ ರೀಲು ಬಂದಾಗ ಪರೀಕ್ಷೆ ಮುಗಿಯುವ ತನಕ ಬೇರೆ ಕೋಣೆಯಲ್ಲಿಡಿ. ಮಾರುವವರು "ಗಾಳಿಗೆ ಇಟ್ಟರೆ ವಾಸನೆ ಹೋಗುತ್ತೆ" ಅಂದರೆ ನಂಬಬೇಡಿ. ವಾಸನೆ ಹೋಗಬಹುದು, ರೋಗ ಹೋಗುವುದಿಲ್ಲ.

## ಹಂತ 3: ತೂತು ನೋಡಿ, ಕುಗ್ಗಿದೆಯೇ ಅಳೆಯಿರಿ

ರೀಲನ್ನು ರಿವೈಂಡರ್‌ಗೆ ಹಾಕಿ. ಕೈಗವಸು ತೊಟ್ಟ ಎರಡು ಬೆರಳಲ್ಲಿ ಫಿಲ್ಮಿನ ಎರಡು ಅಂಚನ್ನು ಹಗುರವಾಗಿ ಹಿಡಿದು, ನಿಧಾನ ತಿರುಗಿಸಿ. ಗವಸು ಸಿಕ್ಕಿಕೊಂಡ ಕಡೆ ನಿಲ್ಲಿಸಿ ನೋಡಿ. ಹರಿದ ತೂತು, ಬಿರುಕು ಬಿಟ್ಟ ಅಂಚು, ಬಿಟ್ಟುಕೊಳ್ಳುತ್ತಿರುವ ಜಾಯಿಂಟ್ ಹೀಗೆ ಸಿಗುತ್ತವೆ. ಪ್ರತಿಯೊಂದನ್ನೂ ಬರೆದಿಡಿ. ಈಗಲೇ ರಿಪೇರಿಗೆ ಕೂರಬೇಡಿ, ಮೊದಲು ಪೂರ್ತಿ ಚಿತ್ರಣ ಸಿಗಲಿ.

ತೂತು ಒಂದೇ ಅಂಚಿನಲ್ಲಿದೆಯೋ ಎರಡೂ ಅಂಚಿನಲ್ಲಿದೆಯೋ ನೋಡಿ. ಮೂಕಿ ಪ್ರಿಂಟಿನಲ್ಲಿ ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ. ಧ್ವನಿ ಇರುವ ಪ್ರಿಂಟಿನಲ್ಲಿ ಒಂದೇ ಕಡೆ, ಇನ್ನೊಂದು ಅಂಚು ಸೌಂಡ್‌ಟ್ರ್ಯಾಕಿಗೆ. ಹಳೆಯ ಮೂಕಿ ಪ್ರೊಜೆಕ್ಟರ್‌ಗಳ ಚಕ್ರಕ್ಕೆ ಎರಡೂ ಕಡೆ ಹಲ್ಲಿರುತ್ತದೆ. ಅದಕ್ಕೆ ಧ್ವನಿ ಪ್ರಿಂಟ್ ಹಾಕಿದರೆ ಒಂದು ಸಾಲು ಹಲ್ಲು ನೇರ ಸೌಂಡ್‌ಟ್ರ್ಯಾಕನ್ನು ಚುಚ್ಚಿಕೊಂಡು ಹೋಗುತ್ತದೆ. ಹಳೆ ಕಾರ್ಟೂನಿಗೆ ಹಳೆ ಪ್ರೊಜೆಕ್ಟರೇ ಚೆಂದ ಎಂದು ಆಸೆಪಟ್ಟವರು ಹೀಗೆ ಎಷ್ಟೋ ಪ್ರಿಂಟ್ ಕಳೆದುಕೊಂಡಿದ್ದಾರೆ.

ಇನ್ನು ಕುಗ್ಗುವಿಕೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ರೀಲು ಹರಿಯಲು ದೊಡ್ಡ ಕಾರಣ ಇದೇ. 16 ಎಂಎಂನಲ್ಲಿ ಒಂದು ತೂತಿನಿಂದ ಮುಂದಿನ ತೂತಿಗೆ 7.62 ಮಿಲಿಮೀಟರ್. 100 ಫ್ರೇಮಿಗೆ 762 ಮಿಲಿಮೀಟರ್. ಫಿಲ್ಮನ್ನು ಎಳೆಯದೆ, ಮಡಿಸದೆ ಮೇಜಿನ ಮೇಲೆ ಮಟ್ಟಸವಾಗಿ ಇಟ್ಟು 100 ಫ್ರೇಮ್ ಅಳೆಯಿರಿ. ಇನ್ನೂ ಸುಲಭ ಬೇಕೆಂದರೆ ಪಕ್ಕದಲ್ಲಿ ಹೊಸ ಲೀಡರ್ ಇಟ್ಟು ತೂತಿಗೆ ತೂತು ಹೊಂದಿಸಿ ನೋಡಿ. 100 ಫ್ರೇಮ್ ಆಗುವಷ್ಟರಲ್ಲಿ ಹಳೆಯದು ಒಂದು ಫ್ರೇಮ್ ಹಿಂದೆ ಬಿದ್ದಿದ್ದರೆ ಅದು ಶೇಕಡಾ 1ರಷ್ಟು ಕುಗ್ಗಿದೆ. ಅಷ್ಟಾದರೆ ನಾನು ಪ್ರೊಜೆಕ್ಟರ್‌ಗೆ ಹಾಕುವುದಿಲ್ಲ. ಅರ್ಧ ಫ್ರೇಮ್ ಹಿಂದಿದ್ದರೂ ಕೈ ತಡೆದು ಯೋಚಿಸುತ್ತೇನೆ.

ಅಳತೆಯನ್ನು ರೀಲಿನ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಮೂರು ಕಡೆ ಮಾಡಿ. ಹೊರಸುತ್ತು ಒಣಗಿ ಕುಗ್ಗಿರುತ್ತದೆ, ಒಳಗೆ ಚೆನ್ನಾಗಿರುತ್ತದೆ. ಕೆಲವೊಮ್ಮೆ ಇದು ಉಲ್ಟಾ.

## ಹಂತ 4: ಉದ್ದದ ಲೆಕ್ಕ ಹಾಕಿ

"ಪೂರ್ತಿ ಇದೆ" ಎಂದು ಮಾರುವವರು ಹೇಳುವುದಕ್ಕೂ ಫಿಲ್ಮಿನ ಉದ್ದ ಹೇಳುವುದಕ್ಕೂ ಬಹಳ ಸಲ ತಾಳೆಯಾಗುವುದಿಲ್ಲ. ಲೆಕ್ಕ ಸುಲಭ. 16 ಎಂಎಂನಲ್ಲಿ ಒಂದು ಅಡಿಗೆ 40 ಫ್ರೇಮ್. ಧ್ವನಿಯ ವೇಗದಲ್ಲಿ, ಅಂದರೆ ಸೆಕೆಂಡಿಗೆ 24 ಫ್ರೇಮಿನಂತೆ, ನಿಮಿಷಕ್ಕೆ 36 ಅಡಿ ಅಥವಾ ಸುಮಾರು 11 ಮೀಟರ್. ಥಿಯೇಟರ್‌ಗೆ ಮಾಡಿದ ಹಳೆ ಕಾರ್ಟೂನುಗಳು ಬಹುಪಾಲು 6ರಿಂದ 8 ನಿಮಿಷ. 7 ನಿಮಿಷಕ್ಕೆ ಸುಮಾರು 252 ಅಡಿ ಬೇಕು, ಅಂದರೆ 77 ಮೀಟರ್.

ಅಡಿ ಎಣಿಸುವ ಯಂತ್ರ ಇಲ್ಲದಿದ್ದರೆ ಅಂದಾಜು ಹೀಗೆ ಮಾಡಿ. ಸುತ್ತಿದ ಫಿಲ್ಮಿನ ಹೊರ ವ್ಯಾಸ ಮತ್ತು ಫಿಲ್ಮ್ ಸುತ್ತಿಕೊಂಡಿರುವ ಒಳಗಿನ ಗುಬ್ಬದ (ಹಬ್) ವ್ಯಾಸ ಎರಡನ್ನೂ ಮಿಲಿಮೀಟರ್‌ನಲ್ಲಿ ಅಳೆಯಿರಿ. ಎರಡನ್ನೂ ವರ್ಗ ಮಾಡಿ ಕಳೆಯಿರಿ. 0.785ರಿಂದ ಗುಣಿಸಿ. ಫಿಲ್ಮಿನ ದಪ್ಪ ಸುಮಾರು 0.15 ಮಿಲಿಮೀಟರ್, ಅದರಿಂದ ಭಾಗಿಸಿ. ಬರುವುದು ಮಿಲಿಮೀಟರ್, ಸಾವಿರದಿಂದ ಭಾಗಿಸಿದರೆ ಮೀಟರ್. ಹೊರಗೆ 140, ಒಳಗೆ 60 ಇದ್ದರೆ ಸುಮಾರು 84 ಮೀಟರ್ ಬರುತ್ತದೆ. ಏಳೂವರೆ ನಿಮಿಷಕ್ಕೆ ಹತ್ತಿರ. ಸಡಿಲವಾಗಿ ಸುತ್ತಿದ್ದರೆ ಲೆಕ್ಕ ಜಾಸ್ತಿ ತೋರಿಸುತ್ತದೆ, ಅದಕ್ಕೆ ಸ್ವಲ್ಪ ಕಳೆದುಕೊಳ್ಳಿ.

ಲೆಕ್ಕ 100 ಅಡಿಯ ಆಸುಪಾಸಿನಲ್ಲಿ ನಿಂತರೆ ಅದು ಬಹುಶಃ ಮನೆಯಲ್ಲಿ ನೋಡಲೆಂದು ಮೊಟಕು ಮಾಡಿ ಮಾರಿದ ಪ್ರಿಂಟ್. ಅಮೆರಿಕದಲ್ಲಿ ಕ್ಯಾಸಲ್ ಫಿಲ್ಮ್ಸ್‌ನಂಥ ಕಂಪನಿಗಳು ಇಂಥ ಪುಟ್ಟ ರೀಲುಗಳನ್ನು ಬೇಕಾದಷ್ಟು ಮಾರಿದವು. ಕಥೆ ಕತ್ತರಿಸಿ, ಬೀಳುವುದು-ಓಡುವುದು ಮಾತ್ರ ಉಳಿಸಿ, ಕೆಲವಕ್ಕೆ ಹೊಸ ಹೆಸರನ್ನೂ ಇಡುತ್ತಿದ್ದರು.

ಮೊಟಕು ಎಂದ ಮಾತ್ರಕ್ಕೆ ಮೂಲೆಗೆ ಎಸೆಯಬೇಡಿ. ಕಳೆದುಹೋಯಿತು ಎಂದುಕೊಂಡಿದ್ದ 1928ರ ಓಸ್ವಾಲ್ಡ್ ಮೊಲದ ಕಾರ್ಟೂನೊಂದು 2018ರಲ್ಲಿ ಜಪಾನಿನಲ್ಲಿ ಪತ್ತೆಯಾದದ್ದು ಇಂಥ ಮನೆಬಳಕೆಯ ಮೊಟಕು ಪ್ರಿಂಟಿನಲ್ಲೇ.

## ಹಂತ 5: ಟೈಟಲ್ ಕಾರ್ಡ್ ಓದಿ

ಮೊದಲ ಒಂದು ನಿಮಿಷದ ಫಿಲ್ಮನ್ನು ಲೈಟ್ ಬಾಕ್ಸ್ ಮೇಲೆ ಹರಡಿ. ಇಲ್ಲಿ ಅವಸರ ಬೇಡ. ಪ್ರಿಂಟ್ ಎಲ್ಲಿಂದ ಬಂತು ಎಂಬುದರ ಅರ್ಧ ಜಾತಕ ಇಲ್ಲೇ ಇರುತ್ತದೆ.

ವಾರ್ನರ್ ಬ್ರದರ್ಸ್ 1943ರಿಂದ ತನ್ನ ಹಳೆ ಕಾರ್ಟೂನುಗಳನ್ನು 'ಬ್ಲೂ ರಿಬ್ಬನ್' ಎಂಬ ಹೆಸರಲ್ಲಿ ಮರುಬಿಡುಗಡೆ ಮಾಡಿತು. ಆಗ ಎಷ್ಟೋ ಚಿತ್ರಗಳ ಮೂಲ ಟೈಟಲ್ ಕಿತ್ತು ಹೊಸದು ಅಂಟಿಸಿದರು. ನಿರ್ದೇಶಕರ, ಆನಿಮೇಟರ್‌ಗಳ ಹೆಸರುಗಳೂ ಅದರ ಜೊತೆಗೇ ಹೋದವು. ಅದಕ್ಕೇ ಮರುಬಿಡುಗಡೆಗೂ ಮುಂಚಿನ ಒಂದು ಪ್ರಿಂಟ್ ಸಿಕ್ಕರೆ ಸಂಗ್ರಾಹಕರು ಕುಣಿದಾಡುತ್ತಾರೆ. ಚಿತ್ರ ಎಲ್ಲ ಕಡೆ ಸಿಗಬಹುದು, ಆ ಮೊದಲ ಹದಿನೈದು ಸೆಕೆಂಡ್ ಸಿಗುವುದಿಲ್ಲ.

ಮುಂದೆ ಬಂದದ್ದು ಟಿವಿ ಕಾಲ. 1955ರಲ್ಲಿ ಪ್ಯಾರಾಮೌಂಟ್‌ನ ಹಳೆ ಕಿರುಚಿತ್ರಗಳನ್ನು ಯು.ಎಂ. ಅಂಡ್ ಎಂ. ಎಂಬ ಟಿವಿ ಕಂಪನಿ ಕೊಂಡಿತು. ಟೈಟಲ್‌ಗಳಿಂದ ಪ್ಯಾರಾಮೌಂಟ್ ಹೆಸರು ತೆಗೆದು ತನ್ನ ಹೆಸರು ಹಾಕಿತು. 1956ರಲ್ಲಿ ಪಾಪಾಯ್ ಮತ್ತು ವಾರ್ನರ್‌ನ ಹಳೆ ಬಣ್ಣದ ಕಾರ್ಟೂನುಗಳು ಎ.ಎ.ಪಿ. ಎಂಬ ಇನ್ನೊಂದು ಟಿವಿ ಕಂಪನಿಯ ಕೈಗೆ ಬಂದವು. ಮುಂದೆ ಎ.ಎ.ಪಿ. ಕಾರ್ಡ್ ಇದ್ದರೆ ಅದು ಟಿವಿಗೆಂದು ತೆಗೆದ ಪ್ರಿಂಟ್, 1956ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಇದು ಕೀಳು ಅಂತಲ್ಲ. ಇವುಗಳಲ್ಲಿ ಎಷ್ಟೋ ಪ್ರಿಂಟ್ ಬಲು ಚೆನ್ನಾಗಿವೆ. ಆದರೆ "1938ರ ಒರಿಜಿನಲ್" ಎಂದು ಯಾರಾದರೂ ಮಾರಲು ಬಂದಾಗ ಈ ಕಾರ್ಡ್ ತೋರಿಸಿ ನಕ್ಕುಬಿಡಿ.

ಇನ್ನೊಂದು ಮೋಸ ಗಮನಿಸಿ. ಬೇರೆ ಪ್ರಿಂಟಿನ ಹಳೆ ಟೈಟಲನ್ನು ಈ ರೀಲಿನ ಮುಂದೆ ಅಂಟಿಸಿರುತ್ತಾರೆ. ಟೈಟಲ್ ಮುಗಿದು ಚಿತ್ರ ಶುರುವಾಗುವ ಜಾಗದಲ್ಲೇ ಜಾಯಿಂಟ್ ಇದ್ದರೆ ಎರಡೂ ಕಡೆಯ ಫಿಲ್ಮನ್ನು ಹೋಲಿಸಿ. ಅಂಚಿನ ಬರಹ, ಬಣ್ಣ, ಚಿತ್ರದ ಕಾಳು (ಗ್ರೇನ್) ಬೇರೆ ಬೇರೆ ಇದ್ದರೆ ಅದು ಕಸಿ ಮಾಡಿದ ಪ್ರಿಂಟ್.

## ಹಂತ 6: ಅಂಚಿನ ಗುರುತಿನಿಂದ ವಯಸ್ಸು ಹುಡುಕಿ

ಕೊಡ್ಯಾಕ್ ಫಿಲ್ಮಿನ ಅಂಚಿನಲ್ಲಿ ಪುಟ್ಟ ವೃತ್ತ, ಚೌಕ, ತ್ರಿಕೋನಗಳಿರುತ್ತವೆ. ಅವು ತಯಾರಾದ ವರ್ಷದ ಸಂಕೇತ. ಒಂದು ವೃತ್ತ 1936, ಒಂದು ಚೌಕ 1937, ಒಂದು ತ್ರಿಕೋನ 1938. ಎರಡು ತ್ರಿಕೋನ ಅಂದರೆ 1941. ತೊಂದರೆ ಏನೆಂದರೆ ಈ ಸಂಕೇತ 20 ವರ್ಷಕ್ಕೊಮ್ಮೆ ಮರುಕಳಿಸುತ್ತದೆ. ಒಂದು ತ್ರಿಕೋನ 1938 ಇರಬಹುದು, 1958 ಇರಬಹುದು, 1978 ಇರಬಹುದು.

ಆಗ ಬೇರೆ ಸಾಕ್ಷಿ ಬೇಕು. ಮುಂದೆ ಎ.ಎ.ಪಿ. ಕಾರ್ಡ್ ಇದ್ದರೆ 1938 ಬಿದ್ದುಹೋಯಿತು. ಬಣ್ಣ ಮಾಸಿ ಕೆಂಪಾದ, ಕೊಡ್ಯಾಕ್ ಕಂಪನಿಯ ಈಸ್ಟ್‌ಮನ್ ಕಲರ್ ಆಗಿದ್ದರೂ ಅಷ್ಟೇ, ಅದು ಬಂದದ್ದೇ 1950ರಲ್ಲಿ.

ಎರಡು ವಿಷಯ ಮರೆಯಬೇಡಿ. ಈ ವರ್ಷ ಆ ಖಾಲಿ ಫಿಲ್ಮ್ ತಯಾರಾದದ್ದು, ಕಾರ್ಟೂನ್ ತಯಾರಾದದ್ದಲ್ಲ. ಮತ್ತೆ, ನೆಗೆಟಿವ್‌ನ ಗುರುತೂ ಪ್ರಿಂಟಿಗೆ ಇಳಿಯುತ್ತದೆ. ಕಪ್ಪು-ಬಿಳುಪಿನ ಪ್ರಿಂಟಿನಲ್ಲಿ ಬೇರ್ಪಡಿಸುವುದು ಸುಲಭ. ಪಾರದರ್ಶಕ ಅಂಚಿನ ಮೇಲೆ ಕಪ್ಪು ಗುರುತಿದ್ದರೆ ಅದು ಈ ಫಿಲ್ಮಿನದೇ. ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಕಂಡರೆ ನೆಗೆಟಿವ್‌ನಿಂದ ಇಳಿದದ್ದು. ಎರಡೂ ಒಟ್ಟಿಗೆ ಕಂಡರೆ ಎರಡನ್ನೂ ಬರೆದಿಡಿ.

ಕೂತಿರುವಾಗಲೇ ಡ್ಯೂಪ್ ಹೌದೋ ಅಲ್ಲವೋ ನೋಡಿಬಿಡಿ. ಡ್ಯೂಪ್ ಅಂದರೆ ಪ್ರಿಂಟಿನಿಂದ ಮತ್ತೆ ತೆಗೆದ ನಕಲು. ಭೂತಗನ್ನಡಿಯಲ್ಲಿ ಒಂದು ಗೀರು ಹುಡುಕಿ. ಫಿಲ್ಮನ್ನು ವಾರೆಯಾಗಿ ಹಿಡಿದು ಮೇಲಿನಿಂದ ಬೆಳಕು ಬಿಡಿ. ಗೀರು ಚಿತ್ರದಲ್ಲಿದ್ದು, ಮೇಲ್ಮೈ ನುಣ್ಣಗಿದ್ದರೆ ಆ ಗೀರು ಹಿಂದಿನ ಪ್ರಿಂಟಿನದು, ಅಚ್ಚಾಗಿ ಬಂದಿದೆ. ಇಂಕಿನ ಗೆರೆ ಮಸುಕು, ಬಿಳಿ ಕಣ್ಣುಕುಕ್ಕುವಷ್ಟು ಬಿಳಿ, ಕಪ್ಪಿನಲ್ಲಿ ಏನೂ ಕಾಣದಷ್ಟು ಕಪ್ಪು, ಇವೂ ಡ್ಯೂಪಿನ ಲಕ್ಷಣ.

ಒಂದು ಚಿಕ್ಕ ಉಪಾಯ: ರೀಲನ್ನು ಪಕ್ಕದಿಂದ ಬೆಳಕಿಗೆ ಹಿಡಿಯಿರಿ. ಸುತ್ತುಗಳ ನಡುವಿನಿಂದ ಬೆಳಕು ತೂರಿ ಬಂದರೆ ಅದು ಪಾಲಿಯೆಸ್ಟರ್, ಅಸಿಟೇಟ್ ಆದಮೇಲೆ ಬಂದ ಫಿಲ್ಮ್. ಅಸಿಟೇಟ್ ಆದರೆ ಕತ್ತಲಾಗಿಯೇ ಇರುತ್ತದೆ. 1930ರ ಕಾರ್ಟೂನ್ ಪಾಲಿಯೆಸ್ಟರ್ ಮೇಲೆ ಕಂಡರೆ ಅದು ಬಹಳ ತಡವಾಗಿ ಮಾಡಿದ ಕಾಪಿ.

## ಹಂತ 7: ಬಣ್ಣ ಮಾಸಿದೆಯೋ, ಮೊದಲೇ ಹಾಗಿತ್ತೋ?

ಈಸ್ಟ್‌ಮನ್ ಕಲರ್ ಪ್ರಿಂಟುಗಳಲ್ಲಿ, ಅದರಲ್ಲೂ 1980ರ ದಶಕದ ಆರಂಭಕ್ಕಿಂತ ಹಿಂದಿನವುಗಳಲ್ಲಿ, ನೀಲಿ-ಹಸಿರಿನ ಬಣ್ಣದ್ರವ್ಯ ಬೇಗ ಮಾಸುತ್ತದೆ. ಉಳಿಯುವುದು ಗುಲಾಬಿ. ಕಪ್ಪು ಇರಬೇಕಾದ ಜಾಗ ಕೆಂಗಂದು ಆಗಿದ್ದರೆ ಕಥೆ ಮುಗಿಯಿತು. ಟೆಕ್ನಿಕಲರ್‌ನವರು ಬಣ್ಣವನ್ನು ಅಚ್ಚೊತ್ತಿದಂತೆ ಹಾಕುತ್ತಿದ್ದ ಪ್ರಿಂಟುಗಳು ಹೀಗೆ ಮಾಸುವುದಿಲ್ಲ. ಸಂಗ್ರಾಹಕರ ಬಾಯಲ್ಲಿ ಅದು 'ಐ.ಬಿ. ಟೆಕ್'. ಕೊಡಾಕ್ರೋಮ್ ಪ್ರಿಂಟುಗಳೂ ಗಟ್ಟಿ, ಅವುಗಳ ಅಂಚು ಕಪ್ಪಾಗಿರುತ್ತದೆ.

ಆದರೆ ನೀಲಿ ಕಾಣಲಿಲ್ಲ ಎಂದು ಕೂಡಲೇ ಮಾಸಿದೆ ಎನ್ನಬೇಡಿ. 1932ರಿಂದ 1935ರ ತನಕ ಮೂರು ಬಣ್ಣದ ಟೆಕ್ನಿಕಲರ್ ಕಾರ್ಟೂನ್ ಮಾಡುವ ಹಕ್ಕು ಡಿಸ್ನಿ ಒಬ್ಬರ ಬಳಿ ಇತ್ತು. ಮಿಕ್ಕ ಸ್ಟುಡಿಯೋಗಳು ಎರಡೇ ಬಣ್ಣದ ಪದ್ಧತಿಯಲ್ಲಿ ಕೆಲಸ ಸಾಗಿಸಿದವು. ಕೆಂಪು-ಕಿತ್ತಳೆ ಒಂದು, ಹಸಿರು-ನೀಲಿ ಒಂದು. ಆ ಕಾಲದ ಫ್ಲೈಷರ್ ಅಥವಾ ವಾರ್ನರ್ ಕಾರ್ಟೂನಿನಲ್ಲಿ ಸೂರ್ಯ ಅಚ್ಚ ಹಳದಿ ಇಲ್ಲದಿದ್ದರೆ ತಪ್ಪು ಪ್ರಿಂಟಿನದಲ್ಲ. ಸ್ಕ್ಯಾನ್ ಮಾಡುವವರು ಇಲ್ಲದ ನೀಲಿಯನ್ನು ತುಂಬಿಸಿ ಕೊಡುತ್ತಾರೆ, ಬೇಡ ಎಂದು ಮೊದಲೇ ಹೇಳಿ.

ಗೀರಿನ ಬಣ್ಣವೂ ಮಾತಾಡುತ್ತದೆ. ಪರದೆಯ ಮೇಲೆ ಕಪ್ಪು ಗೆರೆಯಾಗಿ ಕಾಣುವುದು ಹಿಂಬದಿಯ ಗೀರು, ಒಳ್ಳೆ ಸ್ಕ್ಯಾನಿನಲ್ಲಿ ಬಹುಮಟ್ಟಿಗೆ ಮರೆಯಾಗುತ್ತದೆ. ಈಸ್ಟ್‌ಮನ್ ಕಲರ್ ಪ್ರಿಂಟಿನಲ್ಲಿ ಹಸಿರು ಗೆರೆ ಕಂಡರೆ ಚಿತ್ರದ ಪದರವೇ ಕೆರೆದಿದೆ. ಇನ್ನೂ ಆಳಕ್ಕೆ ಹೋಗಿದ್ದರೆ ಹಳದಿ, ಪೂರ್ತಿ ಹೋಗಿದ್ದರೆ ಬಿಳಿ.

## ಹಂತ 8: ಒಂದೊಂದು ಗ್ಯಾಗನ್ನೂ ಫ್ರೇಮ್ ಫ್ರೇಮಾಗಿ ನೋಡಿ

ಇದು ಎಲ್ಲಕ್ಕಿಂತ ನಿಧಾನದ ಹಂತ. ನನಗೆ ಎಲ್ಲಕ್ಕಿಂತ ಇಷ್ಟದ್ದೂ ಇದೇ.

ಹಂತ 3ರಲ್ಲಿ ಬರೆದಿಟ್ಟ ಪ್ರತಿ ಜಾಯಿಂಟಿನ ಹತ್ತಿರ ನಿಲ್ಲಿ. ಹಿಂದಿನ ಹತ್ತು ಫ್ರೇಮ್, ಮುಂದಿನ ಹತ್ತು ಫ್ರೇಮ್ ನೋಡಿ. ಪಾತ್ರದ ಕೈ ಎಲ್ಲಿತ್ತು, ಈಗ ಎಲ್ಲಿದೆ? ಆ ಕಾಲದ ಆನಿಮೇಟರ್‌ಗಳು ಬಹಳ ಕಡೆ ಒಂದು ಚಿತ್ರವನ್ನು ಎರಡು ಫ್ರೇಮಿಗೆ ಹಿಡಿಯುತ್ತಿದ್ದರು. ವೇಗದ ಜಾಗದಲ್ಲಿ ಫ್ರೇಮಿಗೊಂದು ಚಿತ್ರ. ಜೋಡಿ ಜೋಡಿಯಾಗಿ ಬರುತ್ತಿದ್ದ ಚಿತ್ರ ಜಾಯಿಂಟ್ ಹತ್ತಿರ ಒಂಟಿಯಾದರೆ ಅಲ್ಲಿ ಫ್ರೇಮ್ ಹೋಗಿದೆ. ಸಿಮೆಂಟ್ (ಫಿಲ್ಮ್ ಅಂಟಿಸುವ ದ್ರವ) ಹಾಕಿದ ಜಾಯಿಂಟ್ ಆಗಿದ್ದರೆ ಒಂದು ತುದಿಯನ್ನು ಇನ್ನೊಂದರ ಮೇಲೆ ಕೂರಿಸಲು ಫ್ರೇಮ್ ಬಲಿ ಕೊಟ್ಟೇ ಇರುತ್ತಾರೆ. ಧ್ವನಿ ಎಗರುವ ಜಾಗ ಚಿತ್ರ ಎಗರುವ ಜಾಗದಲ್ಲೇ ಇರುವುದಿಲ್ಲ. 16 ಎಂಎಂನಲ್ಲಿ ಧ್ವನಿ ಚಿತ್ರಕ್ಕಿಂತ 26 ಫ್ರೇಮ್ ಮುಂದಿರುತ್ತದೆ.

ಹರಿದು ಹೋದದ್ದೋ, ಬೇಕೆಂದೇ ಕತ್ತರಿಸಿದ್ದೋ ಎಂದು ಬೇರ್ಪಡಿಸಿ. ಹರಿದದ್ದು ಎಲ್ಲಿ ಬೇಕಾದರೂ ಆಗುತ್ತದೆ, ನಾಲ್ಕಾರು ಫ್ರೇಮ್ ನುಂಗುತ್ತದೆ. ಕತ್ತರಿಸಿದ್ದು ಶಾಟ್ ಮುಗಿಯುವ ಕಡೆ ಇರುತ್ತದೆ, ಒಂದು ಇಡೀ ಗ್ಯಾಗನ್ನೇ ತೆಗೆದಿರುತ್ತದೆ. ಬಂದೂಕು, ಸಿಗರೇಟು, ಕಪ್ಪುಜನರನ್ನು ಗೇಲಿ ಮಾಡುವ ಚಿತ್ರ, ಇವು ಟಿವಿ ಪ್ರಿಂಟುಗಳಲ್ಲಿ ಹೀಗೆ ಹೋದವು. 1968ರಲ್ಲಿ ವಾರ್ನರ್‌ನ 11 ಕಾರ್ಟೂನುಗಳನ್ನು ಟಿವಿ ಪ್ರಸಾರದಿಂದ ಪೂರ್ತಿಯಾಗಿಯೇ ಹಿಂದಕ್ಕೆ ತೆಗೆದುಕೊಂಡರು. ಅಂಥ ಗೇಲಿ ನೋಡಿದರೆ ಇಂದು ಮುಜುಗರವಾಗುತ್ತದೆ, ಆಗಲೇಬೇಕು. ಹಾಗಂತ ನೀವು ಕತ್ತರಿ ಹಿಡಿಯಬೇಡಿ. ಪ್ರಿಂಟ್ ಇದ್ದ ಹಾಗೇ ಇರಲಿ. ಯಾರಿಗೆ ತೋರಿಸಬೇಕು, ತೋರಿಸುವ ಮುಂಚೆ ಏನು ಹೇಳಬೇಕು ಎಂದು ಯೋಚಿಸುವುದು ಬೇರೆ ಕೆಲಸ.

ಹೊಸಬರು ಎಡವುವ ಒಂದು ಮಜಾ ಜಾಗ ಇದೆ. ಫ್ರೇಮ್ ಫ್ರೇಮಾಗಿ ನೋಡುವಾಗ ಇದ್ದಕ್ಕಿದ್ದಂತೆ ವಿಚಿತ್ರ ಚಿತ್ರ ಕಾಣುತ್ತದೆ. ಮುಖ ರಬ್ಬರಿನಂತೆ ಎಳೆದುಕೊಂಡಿದೆ, ಒಬ್ಬನಿಗೇ ಆರು ಕೈ, ಬಣ್ಣ ಒರೆಸಿದಂತೆ ಬಳಿದಿದೆ. "ಪ್ರಿಂಟ್ ಕೆಟ್ಟಿದೆ" ಎಂದು ಆ ಫ್ರೇಮ್ ಕಿತ್ತುಹಾಕಿದವರನ್ನು ನಾನು ಕಂಡಿದ್ದೇನೆ. ಅದು ಸ್ಮಿಯರ್. ವೇಗ ತೋರಿಸಲು ಬೇಕೆಂದೇ ಬರೆದದ್ದು. ಪರದೆ ಮೇಲೆ ಕಣ್ಣಿಗೆ ಸಿಗುವುದಿಲ್ಲ, ಆದರೆ ಅದಿಲ್ಲದೆ ಹೊಡೆತಕ್ಕೆ ಬಿರುಸು ಬರುವುದಿಲ್ಲ.

## ಹಂತ 9: ರಿಪೇರಿ, ಆಮೇಲೆ ಕ್ಲೀನಿಂಗ್

ಹರಿದ ತೂತಿಗೆ ತೂತಿರುವ ಫಿಲ್ಮ್ ಟೇಪ್ ಹಾಕಿ. ಬಿಟ್ಟ ಜಾಯಿಂಟಿಗೂ ಟೇಪೇ ಒಳ್ಳೆಯದು, ಫ್ರೇಮ್ ಹೋಗುವುದಿಲ್ಲ. ಪಾಲಿಯೆಸ್ಟರ್‌ಗಂತೂ ಸಿಮೆಂಟ್ ಅಂಟುವುದೇ ಇಲ್ಲ. ಎಷ್ಟೇ ಕೆಟ್ಟಿದ್ದರೂ ಫ್ರೇಮ್ ಕತ್ತರಿಸಿ ಎಸೆಯಬೇಡಿ. ತೆಗೆಯಲೇಬೇಕಾದರೆ ಕವರಿಗೆ ಹಾಕಿ, ಯಾವ ಜಾಗದ್ದು ಎಂದು ಬರೆದು ಡಬ್ಬಿಯ ಜೊತೆಗಿಡಿ. ಮೊದಲಿಗೆ ಮತ್ತು ಕೊನೆಗೆ ಎರಡು ಮೀಟರಿನಷ್ಟು ಹೊಸ ಲೀಡರ್ ಸೇರಿಸಿ.

ಕ್ಲೀನ್ ಮಾಡಲು ನೂಲು ಬಿಡದ ಮೆತ್ತನೆ ಬಟ್ಟೆ, ಫಿಲ್ಮಿಗೆಂದೇ ಇರುವ ಕ್ಲೀನರ್. ಮೊದಲು ಕೊನೆಯ ಒಂದಡಿಯಲ್ಲಿ ಹಚ್ಚಿ ನೋಡಿ, ಬಣ್ಣ ಬಿಡಬಾರದು. ಕಿಟಕಿ ತೆರೆದಿರಲಿ. ಕ್ಲೀನರ್ ಪೂರ್ತಿ ಆರಿದ ಮೇಲೆಯೇ ಸುತ್ತಿ. ನೀರು ಮುಟ್ಟಿಸಬೇಡಿ. ಚಿತ್ರ ಕೂತಿರುವ ಜೆಲಟಿನ್ ಪದರ ಉಬ್ಬಿ ಅಂಟಿಕೊಳ್ಳುತ್ತದೆ.

## ಹಂತ 10: ಈಗ ಓಡಿಸಬಹುದು, ಅಥವಾ ಸ್ಕ್ಯಾನ್

ಪ್ರೊಜೆಕ್ಟರ್‌ನ ಗೇಟ್, ಅಂದರೆ ಫಿಲ್ಮ್ ದೀಪದ ಮುಂದೆ ಹಾಯುವ ಕಿಂಡಿ, ಒರೆಸಿ. ಮೊದಲು ಬೇಡದ ಒಂದು ಫಿಲ್ಮ್ ಓಡಿಸಿ, ಅದರ ಮೇಲೆ ಹೊಸ ಗೀರು ಬಿದ್ದಿದೆಯೇ ನೋಡಿ. ಬಿದ್ದಿಲ್ಲವಾದರೆ ನಿಮ್ಮ ರೀಲು ಹಾಕಿ. ಕೈ ಸ್ವಿಚ್ಚಿನ ಮೇಲೇ ಇರಲಿ. ಸದ್ದು ಬದಲಾಗಿ ಟಕಟಕ ಎಂದರೆ, ಚಿತ್ರ ಮೇಲೆ ಕೆಳಗೆ ನಡುಗಿದರೆ, ಲೂಪ್ (ಗೇಟಿನ ಮೇಲೆ ಕೆಳಗೆ ಸಡಿಲ ಬಿಡುವ ಫಿಲ್ಮಿನ ಬಳುಕು) ಹೋಗಿದೆ. ತಕ್ಷಣ ನಿಲ್ಲಿಸಿ. "ಇನ್ನೊಂದು ನಿಮಿಷ ನೋಡೋಣ" ಅನ್ನುವ ಆ ಒಂದು ನಿಮಿಷದಲ್ಲಿ 36 ಅಡಿ ಹಾಳಾಗುತ್ತದೆ. ಒಂದೇ ಫ್ರೇಮ್ ನಿಲ್ಲಿಸಿ ನೋಡುವ ಆಸೆಯೂ ಬೇಡ. ದೀಪದ ಬಿಸಿಗೆ ಅದು ಗುಳ್ಳೆಯೇಳುತ್ತದೆ.

ಸ್ಕ್ಯಾನ್ ಮಾಡಿಸುವುದಾದರೆ ಹಲ್ಲಿನ ಚಕ್ರ ಇಲ್ಲದ ಯಂತ್ರ ಕೇಳಿ, ಕುಗ್ಗಿದ ಫಿಲ್ಮಿಗೆ ಅದೇ ಸುರಕ್ಷಿತ. ಅಂಚಿನ ತನಕ ಪೂರ್ತಿ ಸ್ಕ್ಯಾನ್ ಇರಲಿ, ಗುರುತುಗಳೂ ಉಳಿಯುತ್ತವೆ. 24 ಫ್ರೇಮ್ ಇದ್ದದ್ದನ್ನು 60 ಮಾಡಿ ನುಣುಪು ಮಾಡಿಕೊಡುತ್ತೇವೆ ಅಂದರೆ ಕೈ ಮುಗಿದುಬಿಡಿ. ಯಂತ್ರ ನಡುನಡುವೆ ಹೊಸ ಚಿತ್ರ ಹುಟ್ಟಿಸುತ್ತದೆ, ಹೊಡೆತ ಹತ್ತಿಯಂತಾಗುತ್ತದೆ. ಕೊಳೆ ತೆಗೆಯುವ ಆಟೋಮ್ಯಾಟಿಕ್ ಸಾಫ್ಟ್‌ವೇರ್ ಇನ್ನೂ ಅಪಾಯ. ವೇಗವಾಗಿ ಓಡುವ ಇಂಕಿನ ಗೆರೆಯನ್ನು ಅದು ಗೀರು ಎಂದುಕೊಂಡು ಅಳಿಸುತ್ತದೆ. ಹಳೆ ಕಾರ್ಟೂನ್ ಡಿವಿಡಿಗಳಲ್ಲಿ ಓಡುವ ಪಾತ್ರದ ಕಾಲು ಅರ್ಧಕ್ಕೆ ಮಾಯವಾಗಿರುವುದು ನೋಡಿದ್ದೀರಲ್ವಾ? ಅದು ಇದರದೇ ಕೆಲಸ. ಸರಿಪಡಿಸದ ಕಚ್ಚಾ ಸ್ಕ್ಯಾನನ್ನೂ ಕೇಳಿ ತೆಗೆದುಕೊಳ್ಳಿ.

ಇಲ್ಲೇ ಒಂದು ಮಾತು. ರೀಲು ನಿಮ್ಮದಾದರೆ ಹಕ್ಕು ನಿಮ್ಮದಾಗುವುದಿಲ್ಲ. ಸಾರ್ವಜನಿಕವಾಗಿ ತೋರಿಸುವ, ಇಂಟರ್ನೆಟ್‌ಗೆ ಹಾಕುವ ಮೊದಲು ಆ ಕಾರ್ಟೂನಿನ ಕಾಪಿರೈಟ್ ಇನ್ನೂ ಇದೆಯೇ ನೋಡಿ.

## ಹಂತ 11: ಎತ್ತಿಡುವುದು

ತುಕ್ಕು ಹಿಡಿದ ತಗಡಿನ ಡಬ್ಬಿ ನೋಡಲು ಚೆಂದ, ಫಿಲ್ಮಿಗೆ ಕೆಟ್ಟದ್ದು. ಲೇಬಲ್ ಇದ್ದರೆ ಫೋಟೋ ತೆಗೆದುಕೊಂಡು ಡಬ್ಬಿಯನ್ನು ಬೇರೆ ಇಡಿ. ಫಿಲ್ಮನ್ನು ಗಾಳಿಯಾಡುವ ಪಾಲಿಪ್ರೊಪಿಲೀನ್ ಡಬ್ಬಿಗೆ ಹಾಕಿ. ಒಳಗಿನ ಚೀಟಿ, ರಬ್ಬರ್ ಬ್ಯಾಂಡ್, ಹಳೆ ಟೇಪಿನ ಚೂರು ತೆಗೆಯಿರಿ. ಬಿಗಿಯೂ ಅಲ್ಲದ ಸಡಿಲವೂ ಅಲ್ಲದ ಹದದಲ್ಲಿ ಸುತ್ತಿ, ಮಲಗಿಸಿ ಇಡಿ.

ತಂಪು ಮತ್ತು ಒಣ, ಎರಡೂ ಬೇಕು. ತೇವಾಂಶ ಶೇಕಡಾ 30ರಿಂದ 50ರೊಳಗಿರಲಿ. 21 ಡಿಗ್ರಿ, ಶೇಕಡಾ 50 ತೇವಾಂಶದಲ್ಲಿ ಹೊಸ ಅಸಿಟೇಟ್ ಫಿಲ್ಮಿಗೆ ಹುಳಿ ಹಿಡಿಯಲು ಸುಮಾರು 40 ವರ್ಷ ಬೇಕು. ನಿಮ್ಮ ಕೈಯಲ್ಲಿರುವುದು ಆ ವಯಸ್ಸನ್ನು ಯಾವಾಗಲೋ ದಾಟಿದೆ. ಅಟ್ಟದ ಮೇಲೆ ಬೇಡ. ಫ್ರಿಜ್ಜಿನಲ್ಲಿ ಇಡುವುದಾದರೆ ತೇವ ನುಗ್ಗದ ಚೀಲದಲ್ಲಿ ಸೀಲ್ ಮಾಡಿ. ಹೊರತೆಗೆದಾಗ ಚೀಲ ಬಿಚ್ಚದೆ ಒಂದು ದಿನ ಹೊರಗಿಡಿ, ಇಲ್ಲವಾದರೆ ಫಿಲ್ಮ್ ಮೇಲೇ ನೀರು ಕೂರುತ್ತದೆ.

ಡಬ್ಬಿಯ ಮುಚ್ಚಳಕ್ಕೆ ಒಂದು ಚೀಟಿ: ಹೆಸರು, ಉದ್ದ, ಟೈಟಲ್ ಯಾವುದು, ಅಂಚಿನ ಗುರುತು, ಎಷ್ಟು ಕುಗ್ಗಿದೆ, ಎ-ಡಿ ಸ್ಟ್ರಿಪ್‌ನ ಅಂಕಿ, ಪರೀಕ್ಷೆಯ ತಾರೀಖು. ವರ್ಷಕ್ಕೊಮ್ಮೆ ಹೊಸ ಸ್ಟ್ರಿಪ್ ಹಾಕಿ ಅಂಕಿಯನ್ನು ಹಳೆಯದರ ಕೆಳಗೆ ಬರೆಯಿರಿ. ಅಂಕಿ ಏರಿದ್ದರೆ ಆ ರೀಲನ್ನು ಅವತ್ತೇ ಬೇರೆ ಕಪಾಟಿಗೆ ಸಾಗಿಸಿ.